ಅರ್ಧ ಆಟದ ಗೇಟು

ಥಾರ್ನ್‌ಶಾ, ಯಾರ್ಕ್‌ಷೈರ್
ಮಂಗಳವಾರ

ಅಧ್ಯಕ್ಷರಾದ ಪ್ರೆಂಟಿಸ್ ಅವರಿಗೆ,

ಮೊನ್ನೆ ಭಾನುವಾರದ ಪಂದ್ಯದಲ್ಲಿ ಗಲಾಟೆ ಮಾಡಿದ್ದು ಎದುರಾಳಿ ತಂಡದ ಜನ ಎಂದು ನೀವು ಪಂದ್ಯ ನಡೆಸುವ ಲೀಗಿಗೆ ಬರೆದ ಉತ್ತರ ನನ್ನ ಸಹಿಗೆ ಬಂದಿದೆ. ಮೈದಾನದ ಕಾವಲು ನೋಡಿಕೊಳ್ಳುವವಳಾಗಿ ಅದಕ್ಕೆ ಸಹಿ ಹಾಕಲಾರೆ.

ನೀವು ಈ ಕ್ಲಬ್ಬಿಗೆ ಹೊಸಬರು. ನಮ್ಮ ರಗ್ಬಿಯಲ್ಲಿ ಎರಡೂ ಊರಿನವರು ಬೆರೆತೇ ನಿಲ್ಲುತ್ತಾರೆ. ಅರ್ಧ ಆಟ ಮುಗಿದ ಮೇಲೆ ತಂಡಗಳು ದಿಕ್ಕು ಬದಲಿಸಿದಂತೆ ಜನರೂ ತಮ್ಮ ತಂಡ ಅಂಕ ಗಳಿಸುವುದನ್ನು ಹತ್ತಿರದಿಂದ ನೋಡಲು ಮೈದಾನದ ಇನ್ನೊಂದು ತುದಿಗೆ ನಡೆದು ಹೋಗುತ್ತಾರೆ. ಈ ಸಲ ಅವರನ್ನು ಬೇರೆಬೇರೆ ಇಡಬೇಕೆಂದು ನೀವು ನಡುವಿನ ಗೇಟಿಗೆ ಬೀಗ ಹಾಕಿಸಿದಿರಿ. ಫುಟ್‌ಬಾಲಿನವರು ಹಾಗೆ ಮಾಡುತ್ತಾರಂತೆ.

ಗೇಟಿಗೆ ಮೊದಲು ಬಂದವನು ನನ್ನ ಗಂಡ ಕ್ಲಿಫರ್ಡ್, ಕೈಯಲ್ಲಿ ಬಿಸಿ ಪೈ ಹಿಡಿದುಕೊಂಡು.

"ತೆಗಿಯೇ ಎನಿಡ್, ಆಟ ಶುರುವಾಗತ್ತೆ."

"ಆಗಲ್ಲ ಕ್ಲಿಫರ್ಡ್. ಅಧ್ಯಕ್ಷರು ಬೇಡ ಅಂದಿದಾರೆ."

"ಆ ತುದೀಲಿ ನನ್ನ ಜಾಗದಲ್ಲಿ ಅವರೇ ಬಂದು ನಿಂತ್ಕೋತಾರಂತಾ?"

ಹಿಂದಿನಿಂದ ನೂಕಾಟ ಹೆಚ್ಚಿತು. ಅವನು ಬೇಲಿ ಹತ್ತಿದ, ಅವನ ಬೆನ್ನಿಗೆ ನಮ್ಮೂರಿನವರು ಹತ್ತಿದರು, ಬೇಲಿ ಮುರಿದು ಬಿತ್ತು. ಅಡಿಯಲ್ಲಿ ಸಿಕ್ಕಿಕೊಂಡ ಕ್ಲಿಫರ್ಡ್‌ನನ್ನು ಎಳೆದು ತೆಗೆದವರು ನೀವು ದೂರಿರುವ ಆ ಎದುರಾಳಿ ಜನರೇ.

ಬೇಲಿ ಹತ್ತಿದವರನ್ನು ಮತ್ತೆ ಒಳಗೆ ಬಿಡಬಾರದೆಂದು ನಿಯಮವಿದೆ. ಕ್ಲಿಫರ್ಡ್‌ನ ಪ್ರವೇಶದ ಪಾಸನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಕಾಲಿಗೆ ಕಟ್ಟು ಹಾಕಿಸಿಕೊಂಡು ಮನೆಯಲ್ಲಿ ಕೂತಿದ್ದಾನೆ, ನನ್ನೊಡನೆ ಮಾತಿಲ್ಲ.

ಪ್ರೇಕ್ಷಕರ ಸುರಕ್ಷತೆ ಕ್ಲಬ್ಬಿನ ಹೊಣೆ ಎಂದು ಲೀಗಿನವರು ಬರೆದಿದ್ದಾರೆ. ಆ ಗೇಟಿನ ಹತ್ತಿರ ಕ್ಲಬ್ ಅಂತ ಇದ್ದದ್ದು ನಾನೊಬ್ಬಳೇ.

ಬೀಗದ ಕೈ ಮಾತ್ರ ಕಳಿಸುತ್ತಿಲ್ಲ. ಬರುವ ಭಾನುವಾರ ಅರ್ಧ ಆಟಕ್ಕೆ ಗೇಟು ತೆರೆದಿರುತ್ತದೆ.

ಇಂತಿ,
ಎನಿಡ್ ಥ್ಯಾಕ್ರೆ