ತೋಳುಪಟ್ಟಿ ಜಾರಿದ ಪಂದ್ಯ

ಮಾರ್ಚ್ 4, ಸೋಮವಾರ. ಹೊಲಿಗೆ ಅಂಗಡಿ.

ಬೆಳಿಗ್ಗೆಯಿಂದ ಏಳು ಪ್ಯಾಂಟಿನ ಅಂಚು ಮಡಿಚಿ ಹೊಲಿದೆ. ಕಿವಿ ಮಾತ್ರ ಇಸ್ತ್ರಿ ಮೇಜಿನ ಕಡೆಗೆ. ಇಸ್ತ್ರಿಯವನು ಎಲ್ಲರಿಗೂ ಫೋನ್ ತೋರಿಸುತ್ತಿದ್ದ. ನಿನ್ನೆಯ ಫುಟ್‌ಬಾಲ್ ಪಂದ್ಯದ ಫೋಟೊ: ಹುಲ್ಲಿನ ಮೇಲೆ ಕ್ಯಾಪ್ಟನ್ನನ ತೋಳುಪಟ್ಟಿ, ಅದರ ಮೇಲೆ ಕ್ಯಾಪ್ಟನ್ನನದೇ ಬೂಟು. ಸೋಲುತ್ತಿದ್ದೇವೆಂದು ಕಿತ್ತೆಸೆದು ತುಳಿದನಂತೆ.

"ಬಾಯಿ ಸತ್ತವನು. ಮೈದಾನದಲ್ಲಿ ಒಂದು ಸಲ ಕೂಗಿದ್ದು ಕೇಳಿದ್ದೀರಾ? ಇವನೆಂಥ ಕ್ಯಾಪ್ಟನ್ನು?"

ಹೋದ ವರ್ಷ ಕಪ್ ಗೆದ್ದಾಗ, ತಣ್ಣಗಿದ್ದು ತಂಡ ನಡೆಸುವ ಗಂಡು ಎಂದದ್ದೂ ಇದೇ ಬಾಯಿ.

ಆ ಬೂಟು ನನ್ನ ತಮ್ಮನದು. ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ. ಇವತ್ತೂ ಹೇಳಲಿಲ್ಲ... ಸೂಜಿ ಮುರಿಯಿತು.

ಅದೇ ದಿನ, ಸಂಜೆ.

ಫೋಟೊ ಅರ್ಧ ಕತ್ತರಿಸಿದ್ದು. ನಾನು ಗ್ಯಾಲರಿಯಲ್ಲೇ ಇದ್ದೆ. ಗೋಲ್‌ಕೀಪರ್ ತಲೆಗೆ ಪೆಟ್ಟಾಗಿ ಅಲ್ಲಾಡದೆ ಬಿದ್ದಿದ್ದ. ತಮ್ಮ ಅವನ ಕಡೆ ಓಡಿದ. ಪಟ್ಟಿ ಮೊಣಕೈ ದಾಟಿ ಜಾರಿತು, ಕಾಲಡಿಗೆ ಬಿತ್ತು. ಅವನು ನೋಡಲೂ ಇಲ್ಲ. ಡಾಕ್ಟರ್ ಬರುವವರೆಗೆ ಕೀಪರನ ತಲೆ ಹಿಡಿದು ಕೂತಿದ್ದ.

ನನ್ನ ಸುತ್ತ ಕೂತವರೂ ಇದನ್ನೆಲ್ಲ ಕಂಡರು. ಈಗ ತಮ್ಮ ಕಣ್ಣನ್ನೇ ನಂಬದೆ ಫೋಟೊ ನಂಬುತ್ತಿದ್ದಾರೆ.

ಮಾರ್ಚ್ 7, ಗುರುವಾರ.

ಭಾನುವಾರ ಅಭಿಮಾನಿ ಸಂಘದ ಸಭೆ. ನಾಯಕತ್ವ ಕಿತ್ತುಕೊಳ್ಳಿ ಎಂದು ಕ್ಲಬ್ಬಿಗೆ ಬರೆಯುತ್ತಾರಂತೆ. ಕ್ಲಬ್ ಅವರ ಮಾತು ಕೇಳುತ್ತದೆ.

ತಮ್ಮ ಊಟಕ್ಕೆ ಬಂದಿದ್ದ. ನಡೆದದ್ದನ್ನು ಹೇಳಿಬಿಡು ಎಂದೆ. ಎರಡು ಸಲ. ತಟ್ಟೆಯಲ್ಲಿ ಗೆರೆ ಎಳೆಯುತ್ತ ಕೂತ.

"ಏನಂತ ಹೇಳಲಿ? ನಮ್ಮಕ್ಕ ಎಲಾಸ್ಟಿಕ್ ಹಾಕಿರ್ಲಿಲ್ಲ, ಅದಕ್ಕೇ ಬಿತ್ತು ಅಂತಲಾ?"

ತಮಾಷೆಗೆ ಅಂದದ್ದು. ಅವನೇ ನಕ್ಕ.

ಬರೆದಿಡಬೇಕು. ಎರಡು ವಾರ ಮುಂಚೆ ಪಟ್ಟಿ ಕೊಟ್ಟು, ಸಡಿಲ ಆಗಿದೆ ಅಕ್ಕಾ ಎಂದಿದ್ದ. ಐದು ನಿಮಿಷದ ಕೆಲಸ. ನಾನು ಓದುತ್ತಿದ್ದ ಅನುವಾದದ ಕಾದಂಬರಿಯಲ್ಲಿ ನಲವತ್ತು ಪುಟ ಉಳಿದಿದ್ದವು. ಮುಗಿಸಿದೆ. ಪಟ್ಟಿಯನ್ನು ಹಾಗೇ ಮಡಿಚಿ ಕೊಟ್ಟೆ. ಸರಿ ಮಾಡಿದ್ದೇನೆ ಎಂದೂ ಹೇಳಿದೆ.

ಮಾರ್ಚ್ 9, ಶನಿವಾರ.

ಇಸ್ತ್ರಿಯವನು ಸಂಘದ ಪತ್ರ ಹಿಡಿದು ಸಹಿಗೆ ಬಂದ. "ಹಾಕಿ ಅಕ್ಕಾ. ಫುಟ್‌ಬಾಲ್ ಗೊತ್ತಿರಬೇಕು ಅಂತೇನಿಲ್ಲ."

ಪೂರ್ತಿ ಓದಿದೆ. ಒಂದೂವರೆ ಪುಟ. ಗೋಲ್‌ಕೀಪರ್ ಬಿದ್ದಿದ್ದ ಎಂಬ ಮಾತೇ ಇಲ್ಲ. ಸಹಿ ಹಾಕದೆ ಮಡಿಚಿ ಕೊಟ್ಟೆ. ಸಿಟ್ಟು ಬಂದಿತ್ತು. ಅವರ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ.

ತಮ್ಮನ ಚೀಲದಿಂದ ಪಟ್ಟಿ ತೆಗೆದಿಟ್ಟುಕೊಂಡಿದ್ದೇನೆ. ಬೂಟಿನ ಮಣ್ಣು ಹಾಗೇ ಇದೆ. ಅಭ್ಯಾಸಬಲ — ಸೂಜಿಗೆ ದಾರ ಪೋಣಿಸಿಬಿಟ್ಟಿದ್ದೆ. ತೆಗೆದೆ. ಇದು ಸಡಿಲವಾಗಿಯೇ ಇರಬೇಕು.

ನಾಳೆ ನಾಲ್ಕಕ್ಕೆ ಸಭೆಗೆ ಹೋಗುತ್ತೇನೆ. ತಮ್ಮನಿಗೆ ಹೇಳುವುದಿಲ್ಲ. ಇಸ್ತ್ರಿಯವನೂ ಇರುತ್ತಾನೆ; ಇರಲಿ. ಪಟ್ಟಿಯನ್ನು ಅವನ ತೋಳಿಗೇ ಏರಿಸಿ, ಎಲ್ಲರೆದುರು ನಾಲ್ಕು ಹೆಜ್ಜೆ ಓಡು ಎನ್ನುತ್ತೇನೆ. ಅದು ಜಾರಿ ಬಿದ್ದ ಮೇಲೆ, ಹೊಲಿಯಬೇಕಾಗಿದ್ದವಳು ಯಾರು ಎಂದು —