ಅಪ್ಪ ಮಾಡಿಕೊಟ್ಟ ಗಿಳಿ

ಮ್ಯೂಸಿಯಂ ಮೇಲ್ವಿಚಾರಕರಿಗೆ ನಮಸ್ಕಾರ.

ಸತ್ತ ಹಕ್ಕಿಗಳಿಗೆ ಹತ್ತಿ ತುಂಬಿ ನಿಲ್ಲಿಸುತ್ತಿದ್ದ ನನ್ನ ಯಜಮಾನರು ಹೋದರಲ್ಲ, ಅವರ ಬ್ರಷ್ಷುಗಳನ್ನು ನೆನಪಿಗೆಂದು ಮನೆಗೆ ಕಳಿಸಬೇಡಿ. ಹುಳು ಹಿಡಿಯದಿರಲೆಂದು ತೊಗಲಿಗೆ ಆರ್ಸೆನಿಕ್ ವಿಷ ಹಚ್ಚುವಾಗ ಅವರು ಬ್ರಷ್ಷಿನ ತುದಿಯನ್ನು ತುಟಿಯಲ್ಲೇ ಚೂಪು ಮಾಡುತ್ತಿದ್ದರಂತೆ. ಅಂಗೈ ಗಂಟುಗಂಟಾದಾಗ "ದುಡಿಯೋ ಕೈ ಕಣೇ" ಎಂದು ನಕ್ಕಿದ್ದರು. ಆ ಗಂಟು, ಉಗುರಿನ ಬಿಳಿ ಗೆರೆ, ಜೋಮು ಹಿಡಿದ ಪಾದ ಯಾತರ ಸೂಚನೆಯೆಂದು ಡಾಕ್ಟರು ಹೇಳುವಷ್ಟರಲ್ಲಿ ಕೈಮೀರಿತ್ತು.

ಮಗಳ ಗಿಳಿ ಸತ್ತಾಗ ಅದನ್ನೂ ಹಾಗೇ ಮಾಡಿಕೊಟ್ಟಿದ್ದರು. ಅವಳು ಅದಕ್ಕೆ ಮುತ್ತಿಟ್ಟೇ ಮಲಗುತ್ತಿದ್ದಳು. ಈ ಪತ್ರದೊಂದಿಗೆ ಕಳಿಸಿದ್ದೇನೆ. ದಯವಿಟ್ಟು ಯಾರೂ ಮುಟ್ಟದಂತೆ ಗಾಜಿನ ಪೆಟ್ಟಿಗೆಯಲ್ಲಿಡಿ.

ಮಗಳನ್ನು ಕರೆದುಕೊಂಡು ಈಗ ಆಸ್ಪತ್ರೆಗೆ ಹೊರಟಿದ್ದೇನೆ. ನಿನ್ನೆ ಅವಳು ಅಂಗೈ ಚಾಚಿ, "ಅಮ್ಮಾ, ನೋಡು, ನಂದೂ ಅಪ್ಪನ ಕೈ ಥರಾನೇ ಆಗ್ತಿದೆ" ಎಂದು ಹಿಗ್ಗಿದಳು.

ಇಂತಿ,
ನಿಮ್ಮ ಹಕ್ಕಿ ಮೇಸ್ತ್ರಿಯ ಹೆಂಡತಿ