ಅಂಚಿನಲ್ಲಿ ಬರೆದದ್ದು

ಪ್ರೀತಿಯ ಅಕ್ಕನಿಗೆ,

ಬಲಗೈಯ ಕಟ್ಟು ಬಿಚ್ಚಿದರೆಂದು ಭಾವ ಹೇಳಿದರು. ಯಾವ ಮುಖ ಇಟ್ಟುಕೊಂಡು ನೋಡಲು ಬರಲಿ?

ಕಾರ್ಖಾನೆಯ ಸಮೀಕ್ಷೆಗೆ ಪ್ರಶ್ನೆ ಬರೆದವಳು ನಾನೇ. ‘ಕೆಲಸದ ಜಾಗ ಸುರಕ್ಷಿತವೇ?’ ಎಂದು ಕೇಳಿ, ಎಣಿಸಲು ಸುಲಭವೆಂದು ಹೌದು, ಇಲ್ಲ ಎರಡೇ ಚೌಕ ಇಟ್ಟಿದ್ದೆ. ನೀನು ಎರಡನ್ನೂ ಖಾಲಿ ಬಿಟ್ಟು ಅಂಚಿನಲ್ಲಿ ಬರೆದಿದ್ದೆ: “ಬೇರೆಲ್ಲ ಸರಿಯಿದೆ ಕಣೇ, ಬಟ್ಟೆ ಕತ್ತರಿಸೋ ಮಿಷನ್ನಿನಲ್ಲಿ ಕೈಗೆ ಬ್ಲೇಡು ತಾಗದ ಹಾಗೆ ಹಾಕಿರೋ ಅಡ್ಡತಗಡು ಮಾತ್ರ ಅಲ್ಲಾಡ್ತಿದೆ.” ನಾನೇ ಓದುತ್ತೇನೆಂದು ನಿನಗೆ ಗೊತ್ತಿತ್ತು. ಓದಿದೆ, ಅಕ್ಕ. ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿರಲಿಲ್ಲ; ‘ಹೌದು’ ಒತ್ತಿಬಿಟ್ಟೆ.

ಇದನ್ನೇ ಮ್ಯಾನೇಜರಿಗೂ ಬರೆದುಕೊಟ್ಟಿದ್ದೇನೆ. ಹೊಸ ನಮೂನೆ ಜೊತೆಗಿದೆ, ಮೊದಲು ನೀನೇ ತುಂಬಿಕೊಡು. ಇದರಲ್ಲಿ ಚೌಕಗಳಿಲ್ಲ, ಬರೀ ಗೆರೆಗಳು. ಎಡಗೈಯಲ್ಲಿ ಬರೆಯಲು ಆಗಲೆಂದು ದೂರ ದೂರ ಎಳೆದಿದ್ದೇನೆ.

ನಿನ್ನ ತಂಗಿ